ಹಲ್ಲಕ್ಕ ಕೇಳದ ಪ್ರಶ್ನೆ

"ನಮ್ಮ ಮಕ್ಕಳನ್ನ ಯಾಕೆ ಕೊನೆಗೆ ಹಾಕಿದ್ದೀರಿ?"

ಆಸ್ಪತ್ರೆಯ ಹಲ್ಲಿನ ವಿಭಾಗದ ಬಾಗಿಲಲ್ಲಿ ನಿಂತಿದ್ದವನು ನಮಸ್ಕಾರವನ್ನೂ ಹೇಳಲಿಲ್ಲ. ಒಂದು ಕೈಯಲ್ಲಿ ಸರದಿ ಪಟ್ಟಿ. ಇನ್ನೊಂದು ಕೈ ಮಾತಾಡುವಾಗಲೆಲ್ಲ ಬಾಯಿಗೆ ಅಡ್ಡ ಬರುತ್ತಿತ್ತು.

ಮಕ್ಕಳ ಹಲ್ಲಿನ ಡಾಕ್ಟರ್ ಆಗಷ್ಟೇ ಕೈಗವಸು ಕಳಚುತ್ತಿದ್ದಳು. "ಯಾವ ಮಕ್ಕಳು?"

"ಎಚ್‌ಐವಿ ಇರೋ ಮಕ್ಕಳ ಆಶ್ರಯಧಾಮದವರು. ಅಲ್ಲಿ ಔಷಧಿ ನೋಡ್ಕೊಳ್ಳೋನು ನಾನು. ಹನ್ನೊಂದು ಮಕ್ಕಳಿಗೂ ಸಂಜೆ ನಾಲ್ಕೂವರೆ ಮೇಲೆ ಬರೆದಿದ್ದೀರಿ."

"ಓ, ಅದಾ? ಆ ಹೊತ್ತಿಗೆ ಗದ್ದಲ ಇರಲ್ಲ. ಒಬ್ಬೊಬ್ಬರನ್ನೂ ನಿಧಾನವಾಗಿ ನೋಡಬಹುದು ಅಂತ..."

"ಎಲ್ಲರೂ ಹೀಗೇ ನಯವಾಗಿ ಹೇಳ್ತಾರೆ ಮೇಡಂ. ನಮ್ಮ ಮಕ್ಕಳು ಎದ್ದ ಮೇಲೆ ಆ ಕುರ್ಚಿಯಲ್ಲಿ ಇನ್ಯಾರೂ ಕೂರಬಾರದು, ಅಷ್ಟೇ ತಾನೆ? ಪ್ರತಿಯೊಬ್ಬರಿಗೂ ಉಪಕರಣ ಶುದ್ಧ ಮಾಡ್ತೀರಲ್ಲ. ಹಾಗಿದ್ದ ಮೇಲೆ ಮೊದಲೇನು, ಕೊನೆಯೇನು?"

ಅವಳ ಮುಖ ಕೆಂಪಾಯಿತು. ದೇವರಾಣೆಗೂ ಅವಳು ಹಾಗೆ ಯೋಚಿಸಿರಲಿಲ್ಲ. ಮಕ್ಕಳನ್ನು ಯಾರೂ ದಿಟ್ಟಿಸಿ ನೋಡದಿರಲಿ ಎಂದಷ್ಟೇ ಅವಳ ಆಸೆ. ಆದರೆ ಅವನು ಹೇಳಿದ್ದೂ ಸರಿಯೇ ಆಗಿತ್ತು. ಪಟ್ಟಿ ಕಸಿದುಕೊಂಡು, ನಾಲ್ಕೂವರೆಯನ್ನು ಹೊಡೆದುಹಾಕಿ, ಬೆಳಿಗ್ಗೆ ಒಂಬತ್ತು ಎಂದು ಬರೆದಳು. ಸಿಟ್ಟಿಗೆ ಕಾಗದ ಹರಿಯಿತು.

"ಈಗ ಸರೀನಾ?"

"ಸರಿ" ಎಂದು ಹೊರಟೇಬಿಟ್ಟ. ಥ್ಯಾಂಕ್ಸ್ ಇಲ್ಲ, ಏನಿಲ್ಲ.

ಎಂಥಾ ಒರಟ ಮನುಷ್ಯ... ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಅವನು ಬಾಯಿಗೆ ಯಾಕೆ ಕೈ ಅಡ್ಡ ಹಿಡೀತಾನೆ?

ಅವಳ ಹುಟ್ಟುಗುಣವೇ ಅದು. ಮನೆಯಲ್ಲಿ ಅಣ್ಣ ಇಟ್ಟ ಅಡ್ಡಹೆಸರು "ಯಾಕಮ್ಮ". ಮನೆಗೆ ಬಂದ ನೆಂಟರನ್ನು "ನಿನ್ನೆಯೇ ಹೋಗ್ತೀನಿ ಅಂದಿದ್ರಲ್ಲ, ಯಾಕೆ ಹೋಗಿಲ್ಲ?" ಎಂದು ಕೇಳಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದವಳು. ವಯಸ್ಸು ಇಪ್ಪತ್ತೊಂಬತ್ತಾದರೂ ಚಾಳಿ ಬಿಟ್ಟಿರಲಿಲ್ಲ.

ಮಕ್ಕಳು ಒಂಬತ್ತಕ್ಕೆ ಸರಿಯಾಗಿ ಬಂದರು. ಹತ್ತೂವರೆಯ ಹೊತ್ತಿಗೆ ಅವಳಿಗೆ "ಹಲ್ಲಕ್ಕ" ಎಂದು ಹೆಸರಿಟ್ಟಾಗಿತ್ತು.

ಹನ್ನೊಂದು ಬಾಯಿ ನೋಡಿದವಳಿಗೆ ತಲೆಯಲ್ಲಿ ಹುಳ ಹೊಕ್ಕಿತು. ಎಲ್ಲರ ಮುಂದಿನ ಹಲ್ಲುಗಳಲ್ಲೂ ವಸಡಿನಂಚಿಗೆ ಒಂದೇ ತರಹದ ಕಂದು ಗೆರೆ, ಕೆಲವರಿಗೆ ಹುಳುಕು ಒಳಗಿನವರೆಗೂ ಹೋಗಿತ್ತು. ಉಜ್ಜದ ಮಕ್ಕಳಾ ಅಂದರೆ ಅಲ್ಲ, ವಸಡುಗಳು ಅಚ್ಚುಕಟ್ಟಾಗಿದ್ದವು.

ಎಲ್ಲರಿಗಿಂತ ಚಿಕ್ಕವಳಾದ ಆರು ವರ್ಷದ ಗುಬ್ಬಿ ಕೇಳಿದಳು, "ಹಲ್ಲಕ್ಕ, ನಾನು ದಿನಾ ಉಜ್ಜುತೀನಿ. ಆದ್ರೂ ಯಾಕೆ ಕಪ್ಪು?"

"ಗೊತ್ತಿಲ್ಲ ಪುಟ್ಟಿ. ಪತ್ತೆ ಮಾಡ್ತೀನಿ."

ಹಿಂದೆ ನಿಂತಿದ್ದವನನ್ನು ಕೇಳಿದರೆ ಅವನು ಮತ್ತೆ ಸಿಡುಕಿದ. "ಎರಡು ಹೊತ್ತೂ ನಾನೇ ಎದುರಿಗೆ ನಿಂತು ಉಜ್ಜಿಸ್ತೀನಿ. ಬೇಕಾದ್ರೆ ಬಂದು ನೋಡಿ."

"ಬರ್ತೀನಿ. ಎಷ್ಟು ಗಂಟೆಗೆ?"

ಬರುತ್ತಾಳೆಂದು ಅವನು ಎಣಿಸಿರಲಿಲ್ಲ. ಶನಿವಾರ ಬೆಳಿಗ್ಗೆ ಆರೂವರೆಗೆ ಅವಳು ಆಶ್ರಯಧಾಮದ ನಲ್ಲಿಗಳ ಸಾಲಿನ ಮುಂದೆ ಹಾಜರಿದ್ದಳು.

ಮಕ್ಕಳು ಚೆನ್ನಾಗಿಯೇ ಉಜ್ಜಿದರು. ಅವನು ಗಡಿಯಾರ ನೋಡುತ್ತಾ ಎರಡು ನಿಮಿಷ ಎಣಿಸಿದ. ಆಮೇಲೆ ಏಳು ಗಂಟೆಗೆ ಔಷಧಿ.

"ನಾನೂ ಒಂದು ಹನಿ ರುಚಿ ನೋಡಲಾ?"

"ಬೇಡ ಮೇಡಂ, ಕಹಿ..."

ಅಷ್ಟರಲ್ಲಿ ನಾಲಿಗೆಗೆ ಮುಟ್ಟಿಸಿಕೊಂಡಾಗಿತ್ತು. ಅವಳ ಮುಖ ಹರಳೆಣ್ಣೆ ಕುಡಿದವಳ ಹಾಗಾಯಿತು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ, ಅಂಗೈ ಮರೆಯಲ್ಲಿ. ಅವಳ ಎದೆಯಲ್ಲಿ ಏನೋ ಸಣ್ಣಗೆ ಅಲುಗಿತು. ಸಿಟ್ಟು ಇಳಿದು ಎಷ್ಟು ದಿನವಾಯಿತೆಂದು ಅವಳಿಗೇ ನೆನಪಿರಲಿಲ್ಲ.

ಕಹಿಗೆ ಅವನ ಬಳಿ ಉಪಾಯವಿತ್ತು. ಔಷಧಿಗೆ ಮುಂಚೆ ಒಂದು ಚಮಚ ಗಟ್ಟಿ ಸಕ್ಕರೆ ಪಾಕ, ಆಮೇಲೆ ಇನ್ನೊಂದು. ಪಾಕ ಚಪ್ಪರಿಸುತ್ತಾ ಮಕ್ಕಳು ಓಡಿದರು.

"ಸಂಜೆಗೂ ಹೀಗೇನಾ?"

"ಹೌದು. ಹಲ್ಲುಜ್ಜಿ, ಔಷಧಿ, ಪಾಕ, ಮಲಗೋದು."

"ಪಾಕ ಆದ್ಮೇಲೆ ಬಾಯಿ ತೊಳೆಯೋದು?"

ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಚಮಚವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಅಂದ್ರೆ... ನನ್ನ ಕೈಯಾರೆ ನಾನೇ..."

"ಇಲ್ಲಿ ಕೇಳಿ," ಅವಳು ಹತ್ತಿರ ಬಂದಳು. "ಈ ಔಷಧಿ ಒಂದು ಹೊತ್ತೂ ತಪ್ಪದ ಹಾಗೆ ಕುಡಿಸಿದ್ದೀರಿ. ಅದಕ್ಕೇ ಇವರು ಹೀಗೆ ಓಡಾಡ್ತಿದ್ದಾರೆ. ಹಲ್ಲಿನ ಚಿಂತೆ ನನಗೆ ಬಿಡಿ."

ಅವತ್ತಿನಿಂದ ಕ್ರಮ ಬದಲಾಯಿತು. ಪಾಕದ ಬದಲು ನಾಲಿಗೆಗೆ ಮಂಜುಗಡ್ಡೆಯ ಚೂರು, ನಾಲಿಗೆ ಮರಗಟ್ಟಿದರೆ ಕಹಿ ಅಷ್ಟು ಗೊತ್ತಾಗುವುದಿಲ್ಲ. ಔಷಧಿ ಮೊದಲು, ಹಲ್ಲುಜ್ಜುವುದು ಕೊನೆಗೆ. ಹುಳುಕು ಹಲ್ಲುಗಳನ್ನು ಅವಳು ಒಂದೊಂದಾಗಿ ತುಂಬಿಸತೊಡಗಿದಳು.

ಪ್ರತಿ ಶನಿವಾರ ಬರಲು ಕಾರಣ ಬೇಕಿತ್ತೇ? ಹನ್ನೊಂದು ಕಾರಣಗಳಿದ್ದವು. ಹನ್ನೆರಡನೆಯದನ್ನು ಅವಳು ಯಾರಿಗೂ ಹೇಳಲಿಲ್ಲ.

ಅವಳ ಪ್ರಶ್ನೆಗಳು ಮುಗಿಯುತ್ತಿರಲಿಲ್ಲ. ಈ ಕೆಲಸಕ್ಕೆ ಯಾಕೆ ಬಂದಿರಿ, ಅಂಗಿಗೆ ಇಷ್ಟು ಇಸ್ತ್ರಿ ಯಾಕೆ, ಹಾಡು ಬರುತ್ತಾ? ಅವನು ಅರ್ಧಕ್ಕೆ ಉತ್ತರಿಸುತ್ತಿದ್ದ, ಅರ್ಧಕ್ಕೆ ನಗುತ್ತಿದ್ದ. ಅವಳು ಒಮ್ಮೆ ಐದು ನಿಮಿಷ ಸುಮ್ಮನಿದ್ದರೆ ಅವನೇ ಕೇಳಿದ, "ಯಾಕೆ, ಇವತ್ತು ಪ್ರಶ್ನೆ ಪತ್ರಿಕೆ ಬಂದಿಲ್ವಾ?"

ಆಮೇಲೊಂದು ಶನಿವಾರ ಅವಳ ಕಣ್ಣು ಔಷಧಿ ಕಪಾಟಿನ ಒಳಬಾಗಿಲಿನ ಚಾರ್ಟಿನ ಮೇಲೆ ಬಿತ್ತು. ದಿನಾ ಔಷಧಿ ತೆಗೆದುಕೊಂಡವರ ಗುರುತು. ಮಕ್ಕಳು ಹನ್ನೊಂದು, ಸಾಲು ಹನ್ನೆರಡು. ಕೊನೆಯ ಸಾಲಿಗೆ ಹೆಸರಿರಲಿಲ್ಲ. ಅದರಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಅವಳು ತಿರುಗಿದಳು. ಅವನು ಅವಳನ್ನೇ ನೋಡುತ್ತಿದ್ದ.

ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಅವಳು ನುಂಗಿಕೊಂಡಳು.

ಇದು ನಾನು ಕೇಳೋದಲ್ಲ... ಅವನಾಗಿ ಹೇಳಬೇಕು.

ತನ್ನ ಬಾಯಿಯ ಮೇಲೆ ಅವಳಿಗೇ ನಂಬಿಕೆ ಇರಲಿಲ್ಲ. ಒಂದು ಕೇಳಲು ಹೋದರೆ ಇನ್ನೊಂದು ಜಾರೀತೆಂದು ಎಲ್ಲ ಪ್ರಶ್ನೆಗಳನ್ನೂ ನಿಲ್ಲಿಸಿದಳು. ಮುಂದಿನ ಶನಿವಾರ ಮಕ್ಕಳನ್ನಷ್ಟೇ ಮಾತಾಡಿಸಿ ಹೊರಟಳು. ಮನೆಗೆ ಹೋಗಿ ಆ ಕಾಯಿಲೆಯ ಬಗ್ಗೆ ಕಣ್ಣು ಉರಿಯುವವರೆಗೆ ಓದಿದಳು. ಅವಳ ಮನಸ್ಸು ಒಂದಿಂಚೂ ಕದಲಲಿಲ್ಲ. ಅದು ಮಾತ್ರ ಅವನಿಗೆ ಹೇಗೆ ಗೊತ್ತಾಗಬೇಕು?

ಅದರ ಮುಂದಿನ ವಾರ ಮಕ್ಕಳನ್ನು ಆಸ್ಪತ್ರೆಗೆ ಕರೆತಂದವಳು ಆಶ್ರಯಧಾಮದ ಅಡುಗೆಯಾಕೆ.

"ಅವರೆಲ್ಲಿ?"

"ಏನು ಹೇಳಲಮ್ಮ... ಕೆನ್ನೆ ಕುಂಬಳಕಾಯಿ ಆಗಿದೆ. ದವಡೆ ಹಲ್ಲು. ಎರಡು ದಿನದಿಂದ ಅನ್ನ ಮುಟ್ಟಿಲ್ಲ, ಈಗ ನೀರೂ ಸರಿಯಾಗಿ ಇಳೀತಿಲ್ಲ. ನಿಮ್ಮ ಹತ್ರ ಹೋಗು ಅಂದ್ರೆ, ಅವರೊಬ್ಬರ ಹತ್ರ ಮಾತ್ರ ಬೇಡ ಅಂತಾನೆ."

ಅವಳಿಗೆ ಎದೆಗೆ ಒದ್ದ ಹಾಗಾಯಿತು. ಆದರೆ ನೀರು ಇಳಿಯುತ್ತಿಲ್ಲ ಎಂದ ಮೇಲೆ ಅಳುತ್ತಾ ಕೂರುವ ಹೊತ್ತಲ್ಲ. ಬಾವು ಕುತ್ತಿಗೆಗಿಳಿದರೆ ಉಸಿರಿಗೇ ಕುತ್ತು. ಮಕ್ಕಳನ್ನು ಜೊತೆಯ ಡಾಕ್ಟರಿಗೆ ಒಪ್ಪಿಸಿ, ಚೀಲ ಎತ್ತಿಕೊಂಡು ಓಡಿದಳು.

ಅವನು ಔಷಧಿ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದ.

"ನನ್ನ ಹತ್ರ ಮಾತ್ರ ಯಾಕೆ ಬೇಡ?"

"ನಿಮಗೇ ಗೊತ್ತಲ್ಲ." ಊದಿದ ಬಾಯಿಂದ ಮಾತು ಕಷ್ಟಪಟ್ಟು ಹೊರಟಿತು. "ಚಾರ್ಟ್ ನೋಡಿದ್ರಿ. ನಾನೂ ಇದೇ ಮನೆಯಲ್ಲಿ ಬೆಳೆದವನು. ಹುಟ್ಟಿದಾಗಿಂದ ಇದೆ. ಎಂಟು ವರ್ಷದವನಿದ್ದಾಗ ಹಲ್ಲುನೋವು ಅಂತ ಮೂರು ಕಡೆ ಹೋಗಿದ್ದೆ. ಮೂರು ಕಡೆಯೂ ಕುರ್ಚಿಯಿಂದ ಎಬ್ಬಿಸಿ ಕಳಿಸಿದ್ರು. ಅದನ್ನ ತಡ್ಕೊಂಡೆ. ನೀವು ಎಬ್ಬಿಸಿದ್ರೆ... ತಡೆಯೋಕಾಗಲ್ಲ."

"ನಾನ್ಯಾಕೆ ಎಬ್ಬಿಸ್ತೀನಿ?"

"ಚಾರ್ಟ್ ನೋಡಿದ ದಿನದಿಂದ ನೀವು ಒಂದೇ ಒಂದು ಪ್ರಶ್ನೆ ಕೇಳಿಲ್ಲ."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ನಗು ಬಂತು, ಜೊತೆಗೇ ಅಳುವೂ ಬಂತು.

"ನೀವಾಗಿ ಹೇಳಲಿ ಅಂತ ಜನ್ಮದಲ್ಲಿ ಮೊದಲ ಸಲ ಬಾಯಿ ಕಟ್ಟಿಕೊಂಡೆ ಕಣ್ರೀ. ಎಷ್ಟು ಕಷ್ಟ ಆಯ್ತು ಗೊತ್ತಾ? ನೀವು ನೋಡಿದ್ರೆ ಇಷ್ಟು ದೊಡ್ಡ ಬುರುಡೆ ಕಥೆ ಕಟ್ಟಿಕೊಂಡು ಕೂತಿದ್ದೀರಿ."

ಅವನು ನಂಬಲಾಗದೆ ನೋಡಿದ.

"ಈಗ ಕೇಳ್ತೀನಿ," ಅವಳು ಕಣ್ಣೊರೆಸಿಕೊಂಡಳು. "ಬಾಯಿ ತೆರೀತೀರಾ?"

ಬಾಯಿಗೆ ಅಡ್ಡವಿದ್ದ ಅವನ ಕೈ ಮೆಲ್ಲಗೆ ಕೆಳಗಿಳಿಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ಒಬ್ಬ ಡಾಕ್ಟರ ಮುಂದೆ ಬಾಯಿ ತೆರೆದ.

ಅವತ್ತೇ ಅವನನ್ನು ಆಸ್ಪತ್ರೆಗೆ ಸೇರಿಸಿ ಕೀವು ತೆಗೆಸಿದಳು. ಐದು ದಿನ ಔಷಧಿ ನಡೆಯಿತು. ಆರನೆಯ ದಿನ, ಒಬ್ಬ ಮೇಷ್ಟ್ರು ಎದ್ದ ಕುರ್ಚಿಯಲ್ಲಿ ಅವನು ಕೂತ. ಹಲ್ಲು ಕಿತ್ತು, ಆ ಜಾಗಕ್ಕೆ ಹತ್ತಿ ಇಟ್ಟಳು.

"ಗಟ್ಟಿಯಾಗಿ ಕಚ್ಚಿಕೊಳ್ಳಿ. ಅರ್ಧ ಗಂಟೆ ಮಾತಾಡಬಾರದು."

ಅವನು ತಲೆಯಾಡಿಸಿದ. ಊಟದ ಹೊತ್ತಾಗಿ ಕೋಣೆ ಖಾಲಿಯಾಯಿತು. ಅವಳು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ಹಾಗಾದ್ರೆ ನಾನು ಮಾತಾಡ್ತೀನಿ. ಅಡ್ಡ ಬಾಯಿ ಹಾಕೋಕೆ ನಿಮಗಾಗಲ್ಲ, ಒಳ್ಳೇದೇ ಆಯ್ತು." ಧೈರ್ಯಕ್ಕೆ ಉಗುಳು ನುಂಗಿದಳು. "ನನಗೆ ನೀವು ಬೇಕು. ಕನಿಕರ ಅಂದ್ಕೋಬೇಡಿ. ಮಾತ್ರೆ ತಪ್ಪಿಸದೆ, ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆ ಇರೋವರೆಗೆ ಹೆಂಡತಿಗೆ ಹರಡಲ್ಲ ಅಂತ ಓದಿದ್ದೀನಿ. ಓದೋಕೆ ಮುಂಚೆಯೇ ಮನಸ್ಸು ಮಾಡಿಯಾಗಿತ್ತು. ಅಮ್ಮನಿಗೆ ನಿಮ್ಮ ವಿಷಯ ಹೇಳಿದ್ದೀನಿ, ಕಾಯಿಲೆ ವಿಷಯ ಹೇಳಿಲ್ಲ. ಅದು ನಿಮ್ಮ ಮಾತು, ನೀವು ಹೂಂ ಅಂದ್ರೆ ಮಾತ್ರ ಹೇಳೋದು."

ಅವನು ಹತ್ತಿ ಹೊರಗೆ ತೆಗೆದ.

"ಇನ್ನೂ ಹತ್ತು ನಿಮಿಷ ಇದೆ!"

"ಇರಲಿ. ಅಮ್ಮ ಬೇಡ ಅಂದ್ರೆ?"

"ಅಮ್ಮ ಮೊದಲು ಎಲ್ಲದಕ್ಕೂ ಬೇಡ ಅಂತಾರೆ. ವಾಷಿಂಗ್ ಮಷೀನ್‌ಗೂ ಬೇಡ ಅಂದಿದ್ರು. ಈಗ ಅದನ್ನ ಯಾರಿಗೂ ಮುಟ್ಟೋಕೆ ಬಿಡಲ್ಲ."

ಅವನು ನಗಲು ಹೋಗಿ ನೋವಿಗೆ ಕಣ್ಣು ಮುಚ್ಚಿದ. ತೆರೆದಾಗ ಕಣ್ಣು ತುಂಬಿತ್ತು.

"ಆ ಎರಡು ವಾರ ನೀವು ಏನೂ ಕೇಳದೇ ಇದ್ದಾಗ, ಆ ಸಂಕಟದ ಮುಂದೆ ಈ ಹಲ್ಲುನೋವು ನನಗೆ ನೋವೇ ಅನ್ನಿಸಲಿಲ್ಲ."

ಅವಳು ಹೊಸ ಹತ್ತಿ ಮಡಿಸಿ ಅವನ ಕೈಗಿಟ್ಟಳು, ಕೈಯನ್ನು ಮಾತ್ರ ಬಿಡಲಿಲ್ಲ.

"ಹಾಗಾದ್ರೆ ಕೇಳಲಾ? ತುಂಬಾ ಇದೆ..."

"ಕೇಳು," ಅಂದ ಅವನು. "ನಾನೆಲ್ಲಿಗೂ ಹೋಗಲ್ಲ."