ಖಾಲಿ ಗೂಡಿನ ಮುಂದಿನ ದೀಪ

ಕಡಲಿಗರನ್ನು ಕಾಯುವ ಸಂತ ನಿಕೊಲಾಸನ ಪಟ ಗೂಡಿನಲ್ಲಿರಲಿಲ್ಲ.

ಸಂಜೆ ದೀಪ ತುಂಬಲು ಬಂದ ಮಾರ್ಕೆಲ್ಲಾ ಎಣ್ಣೆಯ ಕುಡಿಕೆ ಹಿಡಿದು ಇಗರ್ಜಿಯ ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆಗೂಡು ಖಾಲಿ. ಮರದ ಹಲಗೆಯ ಪಟ ಒರಗಿದ್ದ ಕಡೆ ಸುಣ್ಣ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಅದರ ಮುಂದೆ ಸರಪಳಿಯಲ್ಲಿ ತೂಗುವ ಗಾಜಿನ ದೀಪ—ಉರಿಯುತ್ತಿತ್ತು!

ಈ ವಾರ ದೀಪದ ಸರದಿ ಅವಳದು. ನಿನ್ನೆ ಸಂಜೆ ತಾನೇ ತುಂಬಿಟ್ಟು ಹೋಗಿದ್ದಳು. ಸಂಜೆ ತುಂಬಿದ ದೀಪ ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಆರಿಹೋಗುತ್ತದೆ. ಇವತ್ತು ಯಾಕೆ ಆರಲಿಲ್ಲ? ಜ್ವಾಲೆ ಎಂದಿನಂತೆ ಗಾಜಿನ ಬಾಯಲ್ಲಿರಲಿಲ್ಲ. ತಗ್ಗಿನಲ್ಲಿ ಕುಳಿತು, ಬಾವಿಯೊಳಗಿಂದ ಯಾರೋ ಮೇಲೆ ನೋಡುವ ಹಾಗೆ ಅವಳನ್ನೇ ನೋಡುತ್ತಿತ್ತು.

ಅವಳು ಚೀರಿದ್ದು ಕೆಳಗಿನ ಕಾಫಿ ಅಂಗಡಿಯವರೆಗೂ ಕೇಳಿಸಿತು.

ಊರಿಗೆ ಊರೇ ಬಂದು ನೆರೆಯಿತು. ಎರಡನೇ ಮಹಾಯುದ್ಧಕ್ಕೆ ಮೊದಲು ಗ್ರೀಸಿನ ಖಿಯೊಸ್ ದ್ವೀಪದ ಈ ಊರಿನಲ್ಲಿ ಯಾವುದಾದರೂ ಹಡಗಿನಲ್ಲಿ ಪಾಲಿಲ್ಲದ ಮನೆ ಇರಲಿಲ್ಲ. ಯುದ್ಧ ಮುಗಿದಾಗ ಒಂದು ಹಡಗೂ ಉಳಿದಿರಲಿಲ್ಲ. ಕೊನೆಗೆ ಮುಳುಗಿದ್ದು ‘ಮಾತ್ರೋನಾ’. ಅದರ ಕಪ್ತಾನ ಝನ್ನಿಸ್ ಈ ಪಟವನ್ನು ಅಂಗಿಯೊಳಗೆ ಕಟ್ಟಿಕೊಂಡು ತೆಪ್ಪದಲ್ಲಿ ದಡ ಸೇರಿದ್ದ. ಈಗ ಅಮೆರಿಕದವರು ಯುದ್ಧಕ್ಕೆಂದು ಕಟ್ಟಿದ ಸರಕು ಹಡಗುಗಳನ್ನು ಗ್ರೀಕರಿಗೆ ಮಾರುತ್ತಿದ್ದರು. ಸರಕಾರವೇ ಜಾಮೀನು ನಿಂತಿತ್ತು. ಒಂದು ಹಡಗು ಈ ಊರಿನ ಪಾಲಿಗೂ ಬಂದಿತ್ತು; ಅದಕ್ಕೂ ಝನ್ನಿಸ್‌ನೇ ಕಪ್ತಾನ. ಅದನ್ನು ತರಲು ಖಲಾಸಿಗಳು ಈ ಪಟವನ್ನು ಹೊತ್ತು ಸೋಮವಾರದ ದೋಣಿಗೆ ಹೊರಡಬೇಕು. ಮಂಗಳವಾರ ಇಲ್ಲಿ ಯಾರೂ ಪಯಣ ಹೊರಡುವುದಿಲ್ಲ. ಬುಧವಾರಕ್ಕೆ ಕಾಯೋಣವೆಂದರೆ ಬೇರೆ ಊರಿನವರು ಆ ಹಡಗಿಗೆ ಬಾಯಿ ಬಿಟ್ಟು ಕಾದಿದ್ದಾರೆ.

ಸಂತನಿಲ್ಲದ ಹಡಗು ಹತ್ತುವವರು ಯಾರು?

ಪೊಲೀಸ್ ದಫೇದಾರ ಬೂರಸ್ ಗುಂಪನ್ನು ಸೀಳಿಕೊಂಡು ಬಂದ.

“ಮೊನ್ನೆ ಕಾಫಿ ಅಂಗಡೀಲಿ ಒಬ್ಬ ಏನಂದ? ಹಡಗು ನಡೆಸೋನು ಸಂತನಲ್ಲ, ಬಾಯ್ಲರ್ ಮುಂದೆ ಬೇಯೋನು ಅಂತ. ಯಾರಪ್ಪಾ ಅವನು?”

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಆ ಮಾತು ಮಾರ್ಕೆಲ್ಲಾಳ ಗಂಡ ಇಸಿಡೊರೊಸ್‌ನದು; ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಅವನೂ ಸೋಮವಾರ ಹೊರಡಬೇಕಿದ್ದವನು.

“ಅಂದೆ. ಈಗಲೂ ಅಂತೀನಿ,” ಎಂದ ಇಸಿಡೊರೊಸ್. “ಅಂದ ಮಾತ್ರಕ್ಕೆ ಕದ್ದೆ ಅಂತಾನಾ?”

“ಬೆಳಿಗ್ಗೆ ಬಂದೋರು ಪಟ ನೋಡಿದಾರೆ. ಇವತ್ತು ಮಧ್ಯಾಹ್ನ ಎಲ್ಲಿದ್ದೆ?”

“ಬಾದಾಮಿ ಮರದ ಬುಡ ಅಗೀತಿದ್ದೆ.”

“ನೋಡಿದೋರು?”

“ನಮ್ಮ ಆಡು. ಕರೆಸ್ಲಾ?”

ಯಾರೋ ಕಿಸಕ್ಕೆಂದು ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ನಗುವ ಕಾಲವಲ್ಲ ಅದು. ಸಮುದ್ರದಾಚೆ ಗ್ರೀಸಿನ ದೊಡ್ಡ ನೆಲದಲ್ಲಿ ಕಮ್ಯುನಿಸ್ಟರು, ಸರಕಾರದವರು ಎಂದು ಎರಡಾಗಿ ಅಣ್ಣತಮ್ಮಂದಿರೇ ಬೆಟ್ಟ ಹತ್ತಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದರು. ಇಸಿಡೊರೊಸ್ ಯುದ್ಧದ ಕಾಲದಲ್ಲಿ ಪರದೇಶದ ಬಂದರಿನಲ್ಲಿ ಖಲಾಸಿಗಳ ಮುಷ್ಕರಕ್ಕೆ ನಿಂತವನು. ಅದಕ್ಕಿಂತ ಸಣ್ಣ ಕಾರಣಕ್ಕೆ ಜನರನ್ನು ನೀರಿಲ್ಲದ ಕಲ್ಲುದ್ವೀಪಗಳಿಗೆ ಗಡೀಪಾರು ಮಾಡುತ್ತಿದ್ದರು.

“ಸೋಮವಾರದ ದೋಣೀಲಿ ನೀನು ಖಂಡಿತ ಹೋಗ್ತೀಯ ಮಗನೆ,” ಎಂದ ದಫೇದಾರ. “ಹೆಗಲಿಗೆ ಚೀಲ ಇರಲ್ಲ, ಕೈಗೆ ಬೇಡಿ ಇರುತ್ತೆ, ಅಷ್ಟೇ.”

ಬೇಡಿ ಹಾಕುವಾಗ ಕಪ್ತಾನ ಝನ್ನಿಸ್ ಎರಡು ಹೆಜ್ಜೆ ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಸಂತನಿಗಾಗಿ ದುಃಖಪಡುತ್ತಿದ್ದಾನೆಂದು ಹೆಂಗಸರು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ದಫೇದಾರ ಇಗರ್ಜಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಪಟ್ಟಣದಿಂದ ಬಂದರು ಅಧಿಕಾರಿ ಅರ್ಗಿರಿಸ್ ಬಂದ. ಹಿಂದೆ ಹಡಗುಗಳಲ್ಲಿ ಕಪ್ತಾನನಿಗೆ ಎರಡನೆಯವನಾದ ಮೇಟ್ ಆಗಿದ್ದವನು. ಮಂಡಿ ಕೆಟ್ಟ ಮೇಲೆ ಕಚೇರಿಯ ಕುರ್ಚಿ ಹಿಡಿದಿದ್ದ. ಊರಿನ ಹಡಗು ತಪ್ಪಿದರೆ ಮೇಲಿನವರಿಗೆ ಉತ್ತರ ಹೇಳಬೇಕಾದವನು ಅವನೇ. ಬೀಗ ತೆಗೆಸಿ ಮೊದಲು ಕರೆದದ್ದು ಮಾರ್ಕೆಲ್ಲಾಳನ್ನು.

“ಒಳಗೆ ಬಂದಾಗ ಏನು ಕಂಡ್ಯಮ್ಮ?”

“ಗೂಡು ಖಾಲಿ.”

“ಇನ್ನೇನು?”

ದೀಪ ಉರಿಯುತ್ತಿತ್ತು ಎಂದರೆ ತುಂಬಿದವರು ಯಾರು ಎನ್ನುತ್ತಾರೆ. ಎಣ್ಣೆಯ ಕುಡಿಕೆ ಅವಳ ಕೈಯಲ್ಲೇ ಇತ್ತು. ಗಂಡಹೆಂಡತಿ ಕೂಡಿಯೇ ಮಾಡಿದ್ದಾರೆ ಎಂದುಬಿಟ್ಟರೆ?

“ನೀನು ಬಾಯಿ ಕಟ್ಕೊಂಡ್ರೆ ದಫೇದಾರ್ರ ಮಾತೇ ನಿಲ್ಲುತ್ತೆ, ನೋಡು.”

“ದೀಪ ಉರೀತಿತ್ತು ಸಾಹೇಬ್ರೆ,” ಎಂದಳು. “ಮಧ್ಯಾಹ್ನಕ್ಕೇ ಆರ್ಬೇಕಿತ್ತು. ನನ್ನ ಮಕ್ಕಳಾಣೆ, ನಾನು ಮುಟ್ಟಿಲ್ಲ. ಈಗಲೂ ಉರೀತಿದೆ, ನೋಡಿ!”

ನಿಜ. ರಾತ್ರಿಯೆಲ್ಲ ಬೀಗದೊಳಗೆ ಒಬ್ಬಂಟಿಯಾಗಿ ಉರಿದ ದೀಪ ಇನ್ನೂ ಆರಿರಲಿಲ್ಲ. ಎಣ್ಣೆ ಮಾತ್ರ ತಳ ಕಂಡಿತ್ತು.

“ಪವಾಡ ಅಂತೀರಾ?” ದಫೇದಾರ ಮೂಗು ಮುರಿದ. “ಒಳಗಿನ ಕತ್ತಲಲ್ಲಿ ತಡಕಾಡೋಕಾಗದೆ ಕಳ್ಳನೇ ಹಚ್ಚಿರ್ತಾನೆ.”

ಅರ್ಗಿರಿಸ್ ದೀಪ ಕೆಳಗಿಳಿಸಿ, ಬತ್ತಿ ತೆಗೆದು, ಉಳಿದದ್ದನ್ನು ತಟ್ಟೆಗೆ ಬಗ್ಗಿಸಿದ. ಬೆರಳಿಗೆ ಹಚ್ಚಿ ತಿಕ್ಕಿ ನೋಡಿದ. ಅವನ ಮುಖ ಬದಲಾಯಿತು.

“ಒಂದು ಹೂಜಿ ನೀರು, ಒಂದು ಕುಡಿಕೆ ಎಣ್ಣೆ ಇಲ್ಲಿಡಮ್ಮ. ನೀನು ಆ ಕಂಬದ ಹತ್ರ ನಿಂತ್ಕೊ. ಮಾತಾಡ್ಬೇಡ.”

ಮೊದಲು ಬಂದವಳು ಮುದುಕಿ ಕಲೊಮಿರಾ. ‘ಮಾತ್ರೋನಾ’ದ ಜೊತೆ ಅವಳ ಇಬ್ಬರು ಮಕ್ಕಳು ಮುಳುಗಿದ್ದರು. ಮೂರನೆಯವನು ಸೋಮವಾರ ಹೊರಡುವವರಲ್ಲಿದ್ದ.

“ಹೊಸ ಹಡಗಿಗೆ ಶಾಪ ಹಾಕಿದ್ಯಂತೆ, ಅಜ್ಜಿ?”

“ಹಾಕಿದೆ! ಇಬ್ಬರನ್ನ ನುಂಗಿದ ಸಮುದ್ರ ಇನ್ನೊಬ್ಬನ್ನ ತಾ ಅಂದ್ರೆ ಆರತಿ ಎತ್ಲಾ?”

“ಪಟ ತಗೊಂಡ್ಯಾ?”

“ನನ್ನ ಹುಡುಗನ್ನ ಕಾಯೋನನ್ನೇ ಕದೀತೀನಾ? ನಿನ್ನ ತಲೇಲಿ ಹುಲ್ಲಿದೆಯಾ?”

“ಇಲ್ಲ ಬಿಡು. ದೀಪ ಆರಿದೆ. ಒಂದಿಷ್ಟು ತುಂಬಿಕೊಡು.”

ಮುದುಕಿ ಗೊಣಗುತ್ತ ದೀಪದ ಗಾಜಿನ ಲೋಟಕ್ಕೆ ಮುಕ್ಕಾಲು ನೀರು ಸುರಿದು, ಅದರ ಮೇಲೆ ಎರಡು ಬೆರಳು ಎಣ್ಣೆ ಬಿಟ್ಟು, ಬತ್ತಿ ತೇಲಿಸಿದಳು. ಅವಳು ಹೋದ ಮೇಲೆ ಅರ್ಗಿರಿಸ್ ಲೋಟ ಬರಿದು ಮಾಡಿದ.

ಆಮೇಲೆ ಇಸಿಡೊರೊಸ್. ಬೇಡಿ ಬಿಚ್ಚಿದ ಮಣಿಕಟ್ಟು ಕೆಂಪಾಗಿತ್ತು. ಮಾರ್ಕೆಲ್ಲಾಳ ಉಗುರು ಕಂಬದ ಗಾರೆಗೆ ನಾಟಿತು. ಅವನು ಪೆದ್ದುಪೆದ್ದಾಗಿ ನೀರು ಹೊಯ್ದು, ಎಣ್ಣೆ ಹೊಯ್ದು, ಅರ್ಧ ನೆಲಕ್ಕೂ ಚೆಲ್ಲಿದ.

“ಹಡಗಲ್ಲಿ ಸಂತನ ದೀಪ ಹೇಗೆ ತುಂಬ್ತಾರೆ, ಗೊತ್ತಾ?”

“ನಾನೆಲ್ಲಿ ನೋಡ್ಲಿ ಸಾಹೇಬ್ರೆ? ಕಲ್ಲಿದ್ದಲು ಮೆತ್ತಿದ ಕಾಲಲ್ಲಿ ಮೇಲೆ ಹತ್ತೋಕೆ ಬಿಡ್ತಿದ್ರಾ? ನಮ್ಮವ್ವ ತುಂಬ್ತಿದ್ದ ಹಾಗೆ ತುಂಬಿದೀನಿ.”

ಕೊನೆಗೆ ಕಪ್ತಾನ ಝನ್ನಿಸ್ ಬಂದ. ದಫೇದಾರ ಎದ್ದು ನಿಂತ.

“ಕಪ್ತಾನ್ರೇ, ಸಂತನ ಜಾಗ ಕತ್ತಲಾಗ್ಬಾರ್ದು. ನಿಮ್ಮ ಕೈಯಿಂದಲೇ ಆಗ್ಲಿ.”

ಕಪ್ತಾನ ಮೇಜಿನ ಬಳಿ ಬಂದ. ಅವನ ಕೈ ನೀರಿನ ಹೂಜಿಯನ್ನು ದಾಟಿ ಎಣ್ಣೆಯ ಕುಡಿಕೆಗೆ ಹೋಯಿತು. ಲೋಟದ ಅರ್ಧಕ್ಕೆ ಎಣ್ಣೆ ಸುರಿದು ನಿಲ್ಲಿಸಿದ. ಬತ್ತಿ ಹಚ್ಚಿದ. ತೂಗುಹಾಕಿ, ಓಲಾಡದಂತೆ ಎರಡು ಬೆರಳಿನಿಂದ ಹಿಡಿದು ನಿಲ್ಲಿಸಿದ.

ಜ್ವಾಲೆ ಗಾಜಿನ ತಗ್ಗಿನಲ್ಲಿ ಕುಳಿತಿತ್ತು. ಬಾವಿಯೊಳಗಿಂದ ನೋಡುವ ಹಾಗೆ.

ಮಾರ್ಕೆಲ್ಲಾಳ ಬಾಯಿಂದ ಸಣ್ಣ ಕೂಗು ಹೊರಟಿತು.

“ನೀನೂ ಕಂಡ್ಯಲ್ಲಮ್ಮ?” ಎಂದ ಅರ್ಗಿರಿಸ್ ಮೆಲ್ಲಗೆ. “ದಫೇದಾರ್ರೇ, ಗೂಡು ಖಾಲಿಯಾದದ್ದನ್ನೇ ಎಲ್ರೂ ನೋಡಿದ್ರಿ. ಲೋಟದೊಳಗೆ ಏನಿದೆ ಅಂತ ಯಾರೂ ನೋಡ್ಲಿಲ್ಲ. ನೆಲದ ಮೇಲಿನೋರು ಕೆಳಗೆ ನೀರು, ಮೇಲೆ ತೆಳ್ಳಗೆ ಎಣ್ಣೆ ಹಾಕ್ತಾರೆ. ಎಣ್ಣೆ ಮುಗಿದು ಬತ್ತಿ ನೀರಿಗೆ ತಾಗಿದ್ರೆ ದೀಪ ಆರುತ್ತೆ. ಹಡಗಲ್ಲಿ ಹಾಗೆ ತುಂಬಿ ನೋಡಿ! ಒಂದು ಅಲೆ ಎದ್ರೆ ಸಾಕು, ನೀರು ಬತ್ತಿ ಮೇಲೆ. ಅದಕ್ಕೇ ಅಲ್ಲಿ ಬರೀ ಎಣ್ಣೆ. ತುಳುಕದ ಹಾಗೆ ಅರ್ಧ ಮಾತ್ರ. ನಿನ್ನೆಯ ಲೋಟದಲ್ಲಿ ಒಂದು ಹನಿ ನೀರಿರಲಿಲ್ಲ. ಅಷ್ಟೂ ಎಣ್ಣೆ. ರಾತ್ರಿಯೆಲ್ಲ ಉರಿದದ್ದು ಅದರಿಂದಲೇ.”

“ಈ ಊರಲ್ಲಿ ಗಂಡಸ್ರೆಲ್ಲಾ ಹಡಗಿನೋರೇ, ಸಾಹೇಬ್ರೆ!” ಎಂದ ದಫೇದಾರ.

“ಹೌದು. ಆದ್ರೆ ನಮ್ಮ ದ್ವೀಪದ ಹಡಗುಗಳಲ್ಲಿ ಸಂತನ ದೀಪ ಮುಟ್ಟೋನು ಒಬ್ಬನೇ. ನಾನು ಮೇಟ್ ಆಗಿದ್ದೆ, ನನಗೂ ಬಿಡ್ತಿರಲಿಲ್ಲ. ಸಂತನ ಮೇಲೆ ದ್ವೇಷ ಇದ್ದೋನು ಪಟ ಹೊತ್ಕೊಂಡು ಹೋಗ್ವಾಗ ದೀಪ ತುಂಬಿ ಹೋಗಲ್ಲ. ಆರ್ತಾ ಬಂದಿರೋ ದೀಪ ಕಂಡು ಕೈ ತಡೀದೆ, ತಳದ ನೀರು ಚೆಲ್ಲಿ ತುಂಬಿದ್ದಾನೆ, ಅವನಿಗೆ ಗೊತ್ತಿದ್ದ ಹಾಗೆ.” ಅರ್ಗಿರಿಸ್ ತಿರುಗಿದ. “ಪಟ ತಗೊಂಡೋರು ನೀವು, ಕಪ್ತಾನ್ರೇ.”

ದಫೇದಾರ ಬಾಯಿ ತೆರೆದ. “ಹಡಗೇ ಇವರದ್ದಲ್ವಾ? ಇವರ್ಯಾಕೆ...”

“ನನ್ನದು,” ಎಂದ ಝನ್ನಿಸ್. “ಅದಕ್ಕೇ.” ಬೆಂಚಿನ ಮೇಲೆ ಕುಸಿದು ಕೂತ. “ಪಟ ನನ್ನ ಪೆಟ್ಟಿಗೇಲಿದೆ, ಉಣ್ಣೆ ಅಂಗೀಲಿ ಸುತ್ತಿ ಇಟ್ಟಿದೀನಿ. ಹಡಗು ಸಿಕ್ತು ಅಂತ ಊರೆಲ್ಲ ಗಂಟೆ ಬಾರಿಸಿದ ದಿನದಿಂದ ನನಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದ್ರೆ ಕಲೊಮಿರಾಳ ಹುಡುಗರು ನೀರಿಂದ ಹೆಸರು ಹಿಡಿದು ಕರೀತಾರೆ. ಬೋಗುಣಿ ನೀರಿಗೆ ಮುಖ ಬಗ್ಗಿಸೋಕೂ ಆಗ್ತಿಲ್ಲ. ಭಯ ಅಂತ ಯಾರಿಗೆ ಹೇಳ್ಲಿ? ಸಂತ ಇಲ್ದಿದ್ರೆ ಯಾರೂ ಹತ್ತಲ್ಲ, ಯಾರೂ ನನ್ನನ್ನ ಕೇಳಲ್ಲ ಅಂದ್ಕೊಂಡೆ.”

“ನನ್ನ ಗಂಡನಿಗೆ ಬೇಡಿ ಹಾಕಿದಾಗ ನೀವು ಅಲ್ಲೇ ನಿಂತಿದ್ರಿ!” ಮಾರ್ಕೆಲ್ಲಾಳ ದನಿ ಅವಳಿಗೇ ಗುರುತು ಸಿಗಲಿಲ್ಲ.

“ನಿಂತಿದ್ದೆ ಮಗಳೇ. ಬಾಯಿ ತೆರೆಯೋಕೂ ಭಯವಾಯ್ತು.”

ಬಾಗಿಲ ಹೊರಗೆ ಕಿವಿಗೊಟ್ಟಿದ್ದ ಕಲೊಮಿರಾ ಒಳಗೆ ಬಂದಳು. ಹೊಡೆದೇಬಿಡುತ್ತಾಳೆ ಎಂದುಕೊಂಡರು ಎಲ್ಲರೂ. ಅವಳು ಅವನೆದುರು ಬಂದು ನಿಂತಳು.

“ಕರೀತಾರಾ ನಿನ್ನನ್ನ? ನಾನೊಬ್ಬಳೇ ಅವರ ದನಿ ಕೇಳಿಸ್ಕೋತೀನಿ ಅಂದ್ಕೊಂಡಿದ್ದೆ.” ಮುದುಕಿ ಮೂಗು ಒರೆಸಿಕೊಂಡಳು. “ಎದ್ದೇಳು. ನನ್ನ ಚಿಕ್ಕವನನ್ನ ಗುರುತಿಲ್ಲದವರ ಕೈಗೆ ಕೊಡಲ್ಲ ನಾನು. ನೀನೇ ಹೋಗು. ಹೆದರ್ಕೊಂಡೇ ಹೋಗು.”

ಸೋಮವಾರ ಕಪ್ತಾನ ಹೊರಟ. ಪಟವನ್ನು ತಾನು ಹಿಡಿಯದೆ ಇನ್ನೊಬ್ಬನ ಕೈಗೆ ಕೊಟ್ಟಿದ್ದ. ಅದನ್ನು ಎದೆಗವಚಿಕೊಂಡು ಬಂದರಿನ ಕಟ್ಟೆಯುದ್ದಕ್ಕೂ ನಡೆದವನು ಇಸಿಡೊರೊಸ್.

“ಸಂತನೇ ನಿನ್ನ ಹೆಗಲೇರಿದ್ನಲ್ಲೋ!” ಎಂದು ಯಾರೋ ಕೂಗಿದರು.

“ಹೊಸ ಹಡಗಲ್ಲಿ ಕಲ್ಲಿದ್ದಲಿಲ್ಲ. ಎಣ್ಣೆ ಸುಡುತ್ತಂತೆ,” ಎಂದ ಅವನು. “ಇವನಿಗೂ ನನಗೂ ಇನ್ಮೇಲೆ ಎಣ್ಣೇದೇ ಕೆಲಸ.”

ನಗುತ್ತಿದ್ದ. ಮಾರ್ಕೆಲ್ಲಾಳಿಗೆ ಮಾತ್ರ ಅವನ ಕುತ್ತಿಗೆಯ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಎರಡು ದಿನ ಬೇಡಿಗೆ ಹೆದರಿದ್ದಳು. ಈಗ ಬೇಡಿ ಹೋಗಿ ಸಮುದ್ರ ಬಂದಿತ್ತು.

ಸಂಜೆ ಅವಳು ಎಣ್ಣೆಯ ಕುಡಿಕೆ ಹಿಡಿದು ಇಗರ್ಜಿಗೆ ಹೋದಳು. ಗೂಡು ಖಾಲಿಯೇ ಇತ್ತು. ಹೂಜಿಯತ್ತ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ನೀರು ಹಾಕಲಿಲ್ಲ. ಬರೀ ಎಣ್ಣೆ, ಅರ್ಧ ಲೋಟ. ತೂಗುಹಾಕಿ, ಓಲಾಡದಂತೆ ಎರಡು ಬೆರಳಿನಿಂದ ಹಿಡಿದುಕೊಂಡಳು.

ದೀಪ ನಿಂತ ಮೇಲೂ ಬೆರಳು ತೆಗೆಯಲು ಅವಳಿಗೆ ಧೈರ್ಯ ಬರಲಿಲ್ಲ.