ಮಾಗಿಯ ಬೆಳಗಿನ ಎಣ್ಣೆ

ಭೀಮೇಶನಿಗೆ ಮೂರುಗಾಲಿಯ ಟಂಟಂ ಹೊಡೆಯಲು ಕಲಿಸಿದವನೇ ಸಿದ್ರಾಮ. ಭೀಮೇಶ ಅವನ ಚಿಕ್ಕಪ್ಪನ ಮಗ, ಬಾಜೂ ಮನೆಯವನು, ಇವತ್ತಿಗೂ ಬಾಯ್ತುಂಬ ಅಣ್ಣಾ ಎನ್ನುವವನು. ಆದರೆ ಮೂಡಲಗಿ ಹತ್ತಿರದ ಈ ಊರಿನಿಂದ ಅರಭಾವಿಯ ನರ್ಸರಿಗೆ ಕೂಲಿ ಹೆಂಗಸರನ್ನು ದಿನಾ ಮುಟ್ಟಿಸುವ ಕೆಲಸ ಅವನ ಹಳೇ ಗಾಡಿಗೆ ಸಿಕ್ಕಿತು, ಸಿದ್ರಾಮನ ಗಾಡಿಗೆ ಸಿಗಲಿಲ್ಲ. ಹೆಂಗಸರೇ ಭೀಮೇಶನ ಹೆಸರು ಹೇಳಿದ್ದರಂತೆ. ಸಿದ್ರಾಮನಿಗೆ ಚುಚ್ಚಿದ್ದು ಅದೇ. ನರ್ಸರಿಯ ಸಾಹುಕಾರ ಒಂದು ಮಾತು ಆಡಿದ್ದ: ಸೋಮವಾರ ಮೊದಲ ದಿನ, ಅವತ್ತೇ ಗಾಡಿ ತಪ್ಪಿದರೆ ಬೇರೆಯವರನ್ನು ನೋಡುತ್ತೇನೆ.

ಭೀಮೇಶನ ಗಾಡಿಯ ಪೈಪು ಕತ್ತರಿಸಿದರೆ ಗುರುತು ಉಳಿಯುತ್ತದೆ. ಇಂಜಿನ್ ಕೆಡಿಸುವುದು ಸಿದ್ರಾಮನಿಗೆ ಬೇಕಿರಲಿಲ್ಲ, ತಮ್ಮನ ಅನ್ನಕ್ಕೆ ಮಣ್ಣು ಹಾಕಿದಂತೆ ಅದು. ಒಂದು ಬೆಳಗು ನಿಂತರೆ ಸಾಕು. ಭಜಿ ಕರಿದು ಉಳಿದ ಪಾಮ್ ಎಣ್ಣೆಯಲ್ಲಿ ಡೀಸೆಲ್ ಗಾಡಿ ಓಡುವುದನ್ನು ಅವನು ಬೇಸಿಗೆಯಲ್ಲಿ ಗೋಕಾಕದಲ್ಲಿ ಕಣ್ಣಾರೆ ಕಂಡಿದ್ದ. ಮಾಗಿಯ ನಸುಕಿನಲ್ಲಿ ಮಾತ್ರ ಅದೇ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಬಿಸಿಲೇರಿದ ಮೇಲೆ ಕರಗುತ್ತದೆ, ಗಾಡಿ ಚಾಲೂ ಆಗುತ್ತದೆ, ಓಡಿದಷ್ಟೂ ಸಾಕ್ಷಿ ಹೊಗೆಯಾಗಿ ಹೋಗುತ್ತದೆ.

ಮೂಡಲಗಿಯಲ್ಲಿ ಕೊಂಡರೆ ಮಾತು ಹಬ್ಬುತ್ತದೆಂದು ಒಂದಿಷ್ಟು ಹುಕ್ಕೇರಿ ಸಂತೆಯಲ್ಲಿ, ಒಂದಿಷ್ಟು ಗೋಕಾಕ ಫಾಲ್ಸಿನಲ್ಲಿ ಕೂಡಿಸಿದ.

"ಕರದ ಎಣ್ಣಿ ಯಾಕ ಬೇಕಾತ್ರಿ ಕಾಕಾ?" ಭಜಿ ಮಾರುವ ಹಣಮವ್ವ ಕೇಳಿದಳು.

"ಬಾಗಿಲಕ್ಕ ಗೆದ್ದಲ ಹತ್ತೈತಿ, ಸವರಾಕ."

"ಹಂಗಾರ ಎರಡ ಮಿರ್ಚಿನೂ ಒಯ್ರಿ. ಗೆದ್ದಲ ಬರೇ ಎಣ್ಣಿ ಕುಡದ ಹೆಂಗ ಇರತಾವು?"

ಸುತ್ತಲಿನವರು ನಕ್ಕರು. ಸಿದ್ರಾಮನೂ ನಕ್ಕ. ಕಿವಿ ಮಾತ್ರ ಸುಡುತ್ತಿತ್ತು.

ರವಿವಾರ ಸಂಜೆ ಭೀಮೇಶ, ಅವನ ಹೆಂಡತಿ ಆಮ್ರಪಾಲಿ ಬುದ್ಧವಂದನೆಗೆ ಹೋದರು. ಸಿದ್ರಾಮ ಅವರ ಗಾಡಿಯ ಟಾಕಿಯಿಂದ ಡೀಸೆಲ್ ಎಳೆದು ಕ್ಯಾನಿಗೆ ತುಂಬಿದ. ಅಷ್ಟೇ ಎಣ್ಣೆ ಸುರಿದ, ಡೀಸೆಲ್ ಮಟ್ಟ ತೋರಿಸುವ ಕಾಟಾ ಮೊದಲಿದ್ದಲ್ಲೇ ನಿಂತಿತು. ಹೊಸ ಕೆಲಸಕ್ಕೆಂದು ಆಮ್ರಪಾಲಿ ಗಾಜಿನ ಮೇಲೆ ಚೆಂಡುಹೂವಿನ ಸರ ಕಟ್ಟಿದ್ದಳು. ಅದರತ್ತ ನೋಡದೆ ಮುಚ್ಚಳ ಬಿಗಿದ. ಆ ಡೀಸೆಲ್ಲನ್ನು ತನ್ನ ಗಾಡಿಗೆ ಹಾಕಿಕೊಳ್ಳಬಹುದಿತ್ತು. ತಾನೇನು ಕಳ್ಳನೇ? ಊರ ಹೊರಗಿನ ತಗ್ಗಿನವರೆಗೆ ನಡೆದು ಹೋಗಿ ಸುರಿದ. ಕೈಗೆ ಮಣ್ಣು ಹಚ್ಚಿ ಬಹಳ ಹೊತ್ತು ತಿಕ್ಕಿಕೊಂಡ.

ಬೆಳಗ್ಗೆ ಭೀಮೇಶನ ಗಾಡಿ ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಬುತ್ತಿಗಂಟು ಹಿಡಿದ ಹೆಂಗಸರು ಚಳಿಯಲ್ಲಿ ಮುದುಡಿ ನಿಂತಿದ್ದರು.

"ಏ ಭೀಮ್ಯಾ, ನಿನ್ನ ಗಾಡಿ ಇನ್ನೂ ಚಾದರ ಹೊತ್ಕೊಂಡ ಮಲಗೇತೇನೋ?" ಸೀತವ್ವ ಕಾಡಿದಳು.

ಭೀಮೇಶ ನಗಲಿಲ್ಲ. ಗೋಡೆಯಾಚೆಯಿಂದ ಕೂಗಿದ: "ಅಣ್ಣಾ, ನಂದು ಏಳವಲ್ದು. ನೀನರ ಇವರನ್ನ ಒಯ್ದ ಬಿಡು. ಇವರ ಪಗಾರ ತಪ್ಪಬಾರದು. ಸಾಹುಕಾರ ಕೆಲಸ ನಿನಗ ಕೊಟ್ರೂ ಕೊಡ್ಲಿ."

ಉಪಾಯದಿಂದ ಕಸಿಯಬೇಕೆಂದಿದ್ದನ್ನು ಅವನೇ ಕೈಯೆತ್ತಿ ಕೊಟ್ಟಿದ್ದ. ಸಿದ್ರಾಮ ತಲೆ ಎತ್ತದೆ ಹೆಂಗಸರನ್ನು ಹತ್ತಿಸಿಕೊಂಡು ಚಾವಿ ತಿರುಗಿಸಿದ. ಗಾಡಿ ಒಮ್ಮೆ ನಡುಗಿ ನಿಂತುಬಿಟ್ಟಿತು.

"ಡೀಸೆಲ್ ಅಂತೂ ಐತ್ರಿ," ಬಾಗಿಲಲ್ಲಿ ನಿಂತ ಹೆಂಡತಿ ನಂದಾ ಅಂದಳು. "ನಿನ್ನೆ ಸಂಜೀಕ ನೀವು ಹೊರಗ ಹೋದಾಗ ಭೀಮೇಶ ವಂದನಾ ಮುಗಿಸಿ ಬಂದಿದ್ದ. ನಿಮ್ಮ ಗಾಡಿ ಕಾಟಾ ತಳಕ್ಕ ಬಿದ್ದಿತ್ತಂತ ತನ್ನ ಟಾಕ್ಯಾಗಿನದು ಅರ್ಧ ಪಂಪ್ ಹೊಡದು ಹಾಕಿ ಹೋದ. ಅಣ್ಣಗ ಹೇಳಬ್ಯಾಡ್ರಿ ವೈನಿ, ರೊಕ್ಕ ಹಿಡಕೊಂಡ ಬರ್ತಾನ ಅಂದ." ಎಣ್ಣೆಗಾಗಿ ಹುಕ್ಕೇರಿ, ಗೋಕಾಕ ಅಲೆದು ತನ್ನ ಟಾಕಿಯೇ ಬರಿದಾದದ್ದನ್ನು ಸಿದ್ರಾಮ ನೋಡಿರಲೇ ಇಲ್ಲ. "ಎರಡೂ ಗಾಡಿಗೆ ಒಂದ ಬ್ಯಾನಿ ಹೆಂಗ ಬಂತು? ತಡಿ, ನೋಡೂಣು," ಎನ್ನುತ್ತ ಇತ್ತ ಬಂದ ಭೀಮೇಶ ಅಣ್ಣನ ಟಾಕಿಯ ಮುಚ್ಚಳ ತಿರುವಿ ಕಡ್ಡಿ ಅದ್ದಿ ಎತ್ತಿದ. ತುದಿಗೆ ಮಬ್ಬು ಬಿಳುಪಿನ ಮುದ್ದೆ ಅಂಟಿತ್ತು. ಇದೇನು, ಇದೇನು ಎಂದು ಎಲ್ಲರೂ ಮುಗಿಬಿದ್ದರು. ಏನೂ ಕೇಳದೆ ನಿಂತವನು ಸಿದ್ರಾಮ ಒಬ್ಬನೇ. ಭೀಮೇಶ ಕಡ್ಡಿಯನ್ನು ಮೂಗಿನ ಹತ್ತಿರ ಒಯ್ದ. ಆಮೇಲೆ ತಿರುಗಿ ಅಣ್ಣನ ಮುಖ ನೋಡಿದ.