ಮೊಸರಿನ ಬುರುಡೆ

ಯೆರೋನನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ತಂದರು. ಬೇರೆ ದಾರಿ ಇರಲಿಲ್ಲ. ಕಣಿವೆಯಿಂದ ದಾಂದೆಯಾ ಊರಿಗೆ ಬರಬೇಕೆಂದರೆ ಬಂಡೆಗೆ ಕಟ್ಟಿದ ಏಳು ಬಳ್ಳಿಯೇಣಿಗಳನ್ನು ಹತ್ತಲೇಬೇಕು. ಹದಿನೇಳು ವರ್ಷ ಪ್ರವಾಸಿಗರಿಗೆ ದಾರಿ ತೋರಿಸುತ್ತ ಆ ಏಣಿಗಳನ್ನು ಹತ್ತಿ ಇಳಿದವನು ಕೊನೆಯ ಸಲ ಇನ್ನೊಬ್ಬನ ಬೆನ್ನ ಮೇಲೆ ಹೆಣವಾಗಿ ಬಂದ.

ಪೊಲೀಸ್ ಠಾಣೆಯ ಮುಖ್ಯಸ್ಥೆ, ಬಾ ಮನೆತನದ ದಲಾಂಡಾ, ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಬಾಯಂಚಿನಲ್ಲಿ ನೊರೆ ಒಣಗಿತ್ತು. ಬಟ್ಟೆಯೆಲ್ಲ ವಾಂತಿ. ರೆಪ್ಪೆ ಎತ್ತಿ ನೋಡಿದಳು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗಿತ್ತು.

"ಬಿದ್ದು ಸತ್ತಿದ್ದಲ್ಲ," ಎಂದಳು ಆರೋಗ್ಯ ಕೇಂದ್ರದ ನರ್ಸ್. "ವಿಷ. ಹೊಲಕ್ಕೆ ಹುಳ ಸಾಯ್ಸೋಕೆ ಹೊಡೀತಾರಲ್ಲ, ಆ ಜಾತಿದು. ಜೊತೆಗಿದ್ದ ಪ್ರವಾಸಿ ಮೇಷ್ಟ್ರಿಗೂ ಅದೇ ವಾಂತಿ. ಬದುಕ್ತಾರೆ, ಆದ್ರೆ ನಾಳೆ ಮಧ್ಯಾಹ್ನದವರೆಗೂ ಮಾತಾಡ್ಸೋ ಹಾಗಿಲ್ಲ."

"ಇಬ್ರೂ ಏನು ತಿಂದ್ರು?"

"ಮೊಸರು!" ಎಂದು ಗುಂಪಿನಿಂದ ಒಂದು ದನಿ ಬಂತು. ಸಾರಿಫು ಬಾರಿಯದು. ಊರಿಗೆಲ್ಲ ಚಿಕ್ಕಪ್ಪ, ಎಲ್ಲರೂ ಬಪ್ಪಾ ಸಾರಿಫು ಎನ್ನುವವರೇ. ಸಂತೆಯಲ್ಲಿ ಮೀನಿನ ಅಂಗಡಿ, ಕಣಿವೆ ಸಮಿತಿಗೆ ಅಧ್ಯಕ್ಷ. "ಏಣಿ ನೋಡೋಕೆ ಇಳಿದಿದ್ದೆ. ಮೂರನೇ ಜಲಪಾತದ ಹತ್ರ ನನ್ನ ತೊಡೆ ಮೇಲೇ ಪ್ರಾಣ ಬಿಟ್ಟ, ದಲಾಂಡಾ. 'ಮೊಸರು, ಮೊಸರು' ಅಂತಿದ್ದ."

ಪ್ರವಾಸಿಗರಿಗೆ ಬುತ್ತಿ ಕಟ್ಟಿಕೊಡುವವಳು ಹಸನಾತು. ಗಂಡ ಇಲ್ಲ, ಮೂರು ಹಸು ಇವೆ. ಜೋಳದ ರವೆ ಬೇಯಿಸಿದ ಲಾಚಿರಿಗೆ ಮೊಸರು ಕಲಸಿ ಸೋರೆ ಬುರುಡೆಯಲ್ಲಿ ಕಳಿಸುತ್ತಾಳೆ. ದಲಾಂಡಾ ಅವಳ ಮನೆ ಮುಟ್ಟುವಷ್ಟರಲ್ಲಿ ಗುಂಪು ಮೊದಲೇ ಹೋಗಿತ್ತು. ಬೇಲಿ ಕಿತ್ತಿದ್ದರು. ಸಾಲಾಗಿ ತೂಗುಹಾಕಿದ್ದ ಬುರುಡೆಗಳನ್ನೆಲ್ಲ ನೆಲಕ್ಕೆ ಕುಕ್ಕಿದ್ದರು. ಕುಕ್ಕಿದವರು ನಿನ್ನೆಯವರೆಗೆ ಅದೇ ಬುರುಡೆಗಳಿಂದ ಕುಡಿದು ಮೀಸೆ ಒರೆಸಿಕೊಂಡವರು. ದಲಾಂಡಾಗೆ ಹೇಸಿಗೆಯಾಯಿತು. ಹಸನಾತುವನ್ನು ಠಾಣೆಯ ಕೋಣೆಗೆ ತಂದು ಕೂಡಿಹಾಕಿದಳು. ಹೊರಗಿದ್ದರೆ ಅವಳ ಜೀವ ಉಳಿಯುತ್ತಿರಲಿಲ್ಲ.

"ನಾಳೆ ಸಂಜೆ ಲಾಬೆ ಪಟ್ಟಣದಿಂದ ಪೊಲೀಸ್ ಜೀಪು ಬರುತ್ತೆ, ನಿನ್ನ ಕರ್ಕೊಂಡು ಹೋಗೋಕೆ," ಎಂದಳು.

"ಹೋದ್ರೆ ಹೋದೆ," ಎಂದಳು ಹಸನಾತು. ಅವಳ ಕಣ್ಣಲ್ಲಿ ನೀರಿರಲಿಲ್ಲ. "ವಾಪಸ್ ಬಂದ್ರೂ ನನ್ನ ಕೈಯಿಂದ ಹಾಲು ಯಾರು ಮುಟ್ತಾರೆ ಅಕ್ಕಾ? ಹಾಲು ಮಾರದ ಮೇಲೆ ನಾನು ಯಾರು?"

\*

ರಾತ್ರಿಯ ನಮಾಜಿನ ಹೊತ್ತಿಗೆ ಸಾರಿಫು ಠಾಣೆಗೆ ಬಂದ. ಕೈಯಲ್ಲಿ ಬಾಳೆಲೆಯ ಪೊಟ್ಟಣ.

"ಹೊಗೆ ಹಾಕಿದ ಮೀನು. ನೀವೂ ದಣಿದಿದ್ದೀರ. ಒಂದು ಕೆಟಲ್ ನೀರು ಕೊಡಮ್ಮ, ವಜೂ ಮಾಡ್ಬೇಕು."

ದಲಾಂಡಾ ಪಟ್ಟೆ ಪಟ್ಟೆಯ ಪ್ಲಾಸ್ಟಿಕ್ ಕೆಟಲ್ ಕೊಟ್ಟಳು. ಅವನು ಬಾಯಿ ಮುಕ್ಕಳಿಸಿದ, ಮುಖ ತೊಳೆದ, ಮೊಣಕೈಯವರೆಗೆ ಮೂರು ಮೂರು ಸಲ ನೀರು ಹೊಯ್ದುಕೊಂಡ, ಕಾಲ್ಬೆರಳಿನ ಸಂದಿಯನ್ನೂ ಬಿಡಲಿಲ್ಲ. ಒಂದು ಕೆಟಲ್ ಸಾಲದೆ ಇನ್ನೊಂದು ಕೇಳಿದ. ಇಷ್ಟು ನಿಷ್ಠೆ ತನಗಿಲ್ಲವಲ್ಲ ಎಂದು ದಲಾಂಡಾಗೆ ನಾಚಿಕೆಯೇ ಆಯಿತು.

ಆ ಮೀನನ್ನು ಕಾನ್ಸ್‌ಟೇಬಲ್ ಜಾಲೋ ಅನ್ನಕ್ಕೆ ಸಾರು ಮಾಡಿದ. ಇಬ್ಬರೂ ಉಂಡರು. ಜಾಲೋ ಬೆರಳು ಚೀಪಿದ.

\*

ಬೆಳಗ್ಗೆ ಆರಕ್ಕೆ ದಲಾಂಡಾ, ಜಾಲೋ ಇಬ್ಬರೂ ಕಣಿವೆಗೆ ಹೊರಟರು. ಮಂಜು ಎಷ್ಟಿತ್ತೆಂದರೆ ಏಣಿಯ ಮುಂದಿನ ಮೆಟ್ಟಿಲು ಕಾಲಿಗೆ ಸಿಕ್ಕಿದ ಮೇಲೇ ಅದು ಅಲ್ಲಿದೆ ಎಂದು ಗೊತ್ತಾಗುತ್ತಿತ್ತು. ಬಳ್ಳಿ ಒದ್ದೆ, ಬಂಡೆ ಒದ್ದೆ. ನಾಲ್ಕನೇ ಏಣಿಯಲ್ಲಿ ಜಾಲೋ ನಡುವೆಯೇ ನಿಂತುಬಿಟ್ಟ.

"ಏನಾಯ್ತೋ?"

"ಉಸಿರು ಎಳ್ಕೋತಿದ್ದೀನಿ ಮೇಡಂ."

"ಜಾಲೋ ಮನೆತನಾನೇ ಹಾಗೆ. ಹೊಟ್ಟೆ ಮುಂದೆ, ಕಾಲು ಹಿಂದೆ."

"ಬಾ ಮನೆತನದೋರು ಹಸು ಬಾಲ ಹಿಡ್ಕೊಂಡು ಹುಟ್ಟಿದೋರು. ಬೀಳೋ ಭಯ ಇಲ್ಲ ನಿಮಗೆ."

ಬಾ ಮನೆತನದವರೂ ಜಾಲೋ ಮನೆತನದವರೂ ಒಬ್ಬರನ್ನೊಬ್ಬರು ಹೀಗೆ ಕಾಲೆಳೆಯುವುದು ಅಲ್ಲಿಯ ಹಳೇ ಪದ್ಧತಿ, ಎಳೆಯದಿದ್ದರೆ ಅದೇ ಅಪರಾಧ. ಕೊನೆಯ ಏಣಿ ಇಳಿದರು. ಕಾಡು ದಟ್ಟವಾಗಿತ್ತು. ಬಿದಿರಿನ ನಡುವೆ ಕಾಲುದಾರಿ ಎರಡಡಿ ಅಗಲ ಇಲ್ಲ. ಮೊದಲ ಜಲಪಾತದ ಕೆಳಗೆ ಸೊಂಟದವರೆಗೆ ನೀರಲ್ಲಿ ದಾಟಿದರು. ಎರಡನೆಯದರ ಪಕ್ಕ ಬೇರು ಹಿಡಿದು ಅಂಬೆಗಾಲಲ್ಲಿ ಇಳಿದರು. ಹತ್ತು ಗಂಟೆಗೆ ಮೂರನೆಯದು ಕಂಡಿತು. ಅದಕ್ಕೆ ಮೊದಲು ಮೂಗಿಗೆ ನಾತ ಬಡಿಯಿತು.

ನೋಡಲು ಬಲು ಚೆಂದದ ಜಾಗ. ಎತ್ತರದಿಂದ ಬಿಳಿ ನೀರು, ಕೆಳಗೆ ಹಸಿರು ಮಡು. ಮಡುವಿನ ಅಂಚಿನ ಬೇರುಗಳಲ್ಲಿ ಸತ್ತ ಮೀನಿನ ಮರಿಗಳು ಹೊಟ್ಟೆ ಮೇಲಾಗಿ ಸಿಕ್ಕಿಕೊಂಡಿದ್ದವು. ಏಡಿಗಳು. ಉಬ್ಬಿದ ಕಪ್ಪೆಗಳು. ಜಾಲೋ ಮೂಗು ಮುಚ್ಚಿಕೊಂಡ.

ಬಂಡೆಯ ಮೇಲೆ ಹಸನಾತುವಿನ ಬುತ್ತಿಯ ಬುರುಡೆ ಮಗುಚಿ ಬಿದ್ದಿತ್ತು. ಚೆಲ್ಲಿದ ಲಾಚಿರಿಗೆ ಇರುವೆ ಮುತ್ತಿತ್ತು. ದಲಾಂಡಾ ಮಂಡಿಯೂರಿ ನೋಡಿದಳು. ಸಾಲು ಸಾಲಾಗಿ ಒಂದೊಂದೇ ಕಾಳು ಹೊತ್ತು ಹೋಗುತ್ತಿದ್ದವು. ಗೂಡಿನವರೆಗೂ ಹಿಂಬಾಲಿಸಿದಳು. ಒಂದಾದರೂ ಸತ್ತಿರಲಿಲ್ಲ.

"ನಿನ್ನೆಯಿಂದ ತಿಂತಾ ಇವೆ," ಎಂದಳು. "ಹುಳ ಸಾಯ್ಸೋ ವಿಷ ಮೊಸರಲ್ಲಿ ಇದ್ದಿದ್ರೆ ಇವು ಬದುಕ್ತಿದ್ವಾ? ಬುತ್ತೀಲಿ ಏನೂ ಇಲ್ಲ ಕಣೋ. ವಿಷ ಇದ್ದಿದ್ದು ನೀರಲ್ಲಿ."

ಬಿದಿರು ಸರಸರ ಎಂದಿತು. ಮಚ್ಚು ಹಿಡಿದ ಒಬ್ಬ ಹೊರಬಂದ. ಜೇನು ಕೀಳುವ ಡೆಂಬಾ. ಜೇನಿನ ಮರಗಳ ವಿಷಯಕ್ಕೆ ಯೆರೋನ ಜೊತೆ ಅವನ ಜಗಳ ಊರಿಗೇ ಗೊತ್ತು. ಜಾಲೋ ಬೇಡಿಗೆ ಕೈ ಹಾಕಿದ.

"ಹಿಡೀರಿ," ಎಂದ ಡೆಂಬಾ. "ಎರಡು ತಿಂಗಳಾಯ್ತು ಈ ಮಡು ನೀರು ಕುಡಿದು ನನ್ನ ನಾಯಿ ಸತ್ತು. ಆವಾಗ್ಲೇ ಸಮಿತಿಗೆ ಹೇಳ್ದೆ. ಯಾರೋ ಔಷಧ ಸುರಿದು ಮೀನು ಹಿಡೀತಿದ್ದಾರೆ ಬಪ್ಪಾ ಅಂತ. 'ನೋಡೋಣ' ಅಂದ್ರು. ಇನ್ನೊಂದ್ಸಲ ಹೇಳ್ದೆ. 'ಬಾಯಿ ಮುಚ್ಕೊಂಡಿರು, ಪ್ರವಾಸಿಗರು ಹೆದರ್ತಾರೆ' ಅಂದ್ರು. ಯೆರೋಗೂ ಹೇಳೋಣ ಅಂದ್ರೆ ಮಾತು ಬಿಟ್ಟಿದ್ವಲ್ಲ."

"ಇಂಥ ಮೀನು ಯಾರು ತಿಂತಾರೆ?" ಎಂದ ಜಾಲೋ.

"ಹೊಗೆ ಹಾಕಿದ ಮೇಲೆ ಮೀನಿಗೆ ಯಾವೂರು ಅಂತ ಯಾರು ಕೇಳ್ತಾರೆ? ಸಂತೇಲಿ ಮೂರು ಜನ ಮಾರ್ತಾರೆ. ತಿನ್ನೋರೂ ಇದ್ದಾರೆ."

ಜಾಲೋನ ಮುಖ ಬೂದಿಯಾಯಿತು. ಪೊದೆಯ ಹಿಂದೆ ಓಡಿದ. ಅವನು ಕಾರುವ ಸದ್ದು ಕೇಳಿತು. ಸಾರಿಫು ತಂದ ಮೀನು, ನಿನ್ನೆ ರಾತ್ರಿ ಉಂಡ ಸಾರು ದಲಾಂಡಾಗೂ ನೆನಪಾಯಿತು. ಆದರೆ ಮೀನು ಮಾರುವವರು ಮೂವರು, ಸಾಕ್ಷಿ ಒಂದೂ ಇಲ್ಲ. ಜೀಪು ಬರಲು ಆರು ಗಂಟೆಯಿದೆ, ಅದರಲ್ಲಿ ನಾಲ್ಕು ಗಂಟೆ ಮೇಲೆ ಹತ್ತುವುದಕ್ಕೇ ಬೇಕು. ಬುರುಡೆಯನ್ನು ತಲೆಗೆ ಕಟ್ಟಿದ್ದ ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು.

"ನೀರಿನ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡಿ, ಇಬ್ರೂ," ಎಂದಳು.

\*

ಮೇಷ್ಟ್ರು ಸೆಸೆ ಹಾಬಾ ಹಾಸಿಗೆಯಲ್ಲಿ ಎದ್ದು ಕೂತಿದ್ದರು. ದಕ್ಷಿಣದ ಕಾಡು ಸೀಮೆಯವರು, ಕ್ರೈಸ್ತರು. ಕೊರಳಲ್ಲಿ ಚಿಕ್ಕ ಶಿಲುಬೆ.

"ನೀರು ಕುಡಿದ್ರಾ?"

"ನಾನು ಬಾಟಲಿ ತಂದಿದ್ದೆ. ಬಾಯಿ ಮುಕ್ಕಳಿಸಿದೆ, ಅಷ್ಟೆ. ಯೆರೋ ಚೆನ್ನಾಗಿ ಕುಡಿದ. ತನ್ನ ಬಾಟಲಿಗೂ ತುಂಬ್ಕೊಂಡ. ಇಂಥ ನೀರು ನಿಮ್ಮ ಪಟ್ಟಣದಲ್ಲಿ ಸಿಗಲ್ಲ ಅಂತ ನಗ್ತಿದ್ದ."

"ಸಾರಿಫು ಯಾವಾಗ ಬಂದ್ರು?"

"ಅವರು ಬರ್ಲಿಲ್ಲ, ಮೊದಲೇ ಅಲ್ಲಿದ್ರು. ಬಂಡೆ ಮೇಲೆ ಕೂತಿದ್ರು. ನಮ್ಮನ್ನ ನೋಡಿ ಬೆಚ್ಚಿ ಎದ್ರು. 'ನಾಳೆ ಅಂದಿದ್ಯಲ್ಲ' ಅಂದ್ರು. ನನಗೆ ರಜೆ ಕಮ್ಮಿ ಅಂತ ಯೆರೋ ಒಂದು ದಿನ ಮುಂಚೆ ಕರ್ಕೊಂಡು ಬಂದಿದ್ದ."

"ಯೆರೋ ನೀರು ಕುಡಿಯುವಾಗ ಅವರು ಏನ್ಮಾಡ್ತಿದ್ರು?"

"ನೋಡ್ತಿದ್ರು. ಆಮೇಲೆ ಇಬ್ರೂ ನಮಾಜು ಮಾಡಿದ್ರು." ಮೇಷ್ಟ್ರು ಸ್ವಲ್ಪ ಯೋಚಿಸಿದರು. "ನಿಮ್ಮಲ್ಲಿ ಎರಡು ಪದ್ಧತಿ ಇದೆಯಾ ಮೇಡಂ? ಯೆರೋ ಮಡುವಿಗೆ ಇಳಿದು ಕೈಕಾಲು ತೊಳೆದ. ಆ ಹಿರಿಯರು ನೀರು ಮುಟ್ಟಲೇ ಇಲ್ಲ. ಬಂಡೆಗೆ ಅಂಗೈ ಉಜ್ಜಿದ್ರು, ಮುಖ ಒರೆಸ್ಕೊಂಡ್ರು, ಕೈ ಒರೆಸ್ಕೊಂಡ್ರು. ಪ್ರಾರ್ಥನೆಗೆ ನಿಂತ್ರು."

ಪದ್ಧತಿ ಎರಡಿಲ್ಲ ಎಂದು ದಲಾಂಡಾಗೆ ಗೊತ್ತಿತ್ತು. ನೀರು ಸಿಗದ ಮರಳುಗಾಡಿನಲ್ಲಿ, ಮೈಗೆ ನೀರು ಸೋಕಬಾರದ ಕಾಯಿಲೆಯಲ್ಲಿ ಮಾಡುವ ಕೆಲಸ ಅದು. ಅಷ್ಟು ಎತ್ತರದಿಂದ ನೀರು ಧುಮುಕುವ ಜಾಗದಲ್ಲಿ, ರಾತ್ರಿ ಎರಡು ಕೆಟಲ್ ನೀರು ಹೊಯ್ದುಕೊಂಡ ಮನುಷ್ಯ, ಮಧ್ಯಾಹ್ನ ಕಲ್ಲಿಗೆ ಕೈ ಉಜ್ಜಿದ್ದಾನೆ.

"ಜಾಲೋ," ಎಂದಳು ಹೊರಬಂದು. "ಸಾರಿಫು ಮೀನಿಗೆ ಹೊಗೆ ಹಾಕೋ ಗುಡಿಸಲಿಗೆ ಹೋಗು. ಮೂಲೆ ಮೂಲೆ ಜಾಲಾಡು. ನಾನು ಮಸೀದಿಗೆ ಹೋಗ್ತೀನಿ."

\*

ಇಳಿಹೊತ್ತಿನ ನಮಾಜಿಗೆ ಜನ ಸೇರಿದ್ದರು. ಲಾಬೆಯ ಜೀಪು ಆಗಲೇ ಬಂದು ಮರದಡಿ ನಿಂತಿತ್ತು. ದಲಾಂಡಾ ಕೆಂಪು ಪಟ್ಟೆಯ ಕೆಟಲೊಂದನ್ನು ಅಂಗಳದ ಕಟ್ಟೆಯ ಮೇಲಿಟ್ಟಳು.

"ಮೂರನೇ ಜಲಪಾತದ ನೀರು," ಎಂದಳು ಎಲ್ಲರಿಗೂ ಕೇಳುವಂತೆ. "ನಿನ್ನೆ ಸಾಯೋ ಮುಂಚೆ ಯೆರೋ ವಜೂ ಮಾಡಿದ ಮಡುವಿಂದು. ನಿನ್ನೆಯೇ ತುಂಬಿಸಿಟ್ಟಿದ್ದು ಸಿಕ್ತು, ಅವನದೇ ಬಾಟಲಿಯಿಂದ. ಹಿರಿಯರು ಇವತ್ತು ಇದರಲ್ಲೇ ವಜೂ ಮಾಡ್ಲಿ, ಅವನ ನೆನಪಿಗೆ."

ಜನ ತಲೆದೂಗಿದರು. ಅವರ ಪಾಲಿಗೆ ವಿಷ ಇದ್ದದ್ದು ಮೊಸರಲ್ಲಿ. ನೀರಿನ ಮೇಲೆ ಯಾರಿಗೂ ಅನುಮಾನವಿಲ್ಲ. ಇಮಾಮ್ ಬೈಲೋ ಮೊದಲು ಕೈಚಾಚಿದರು. ಎಂಬತ್ತು ದಾಟಿದ ಮುದುಕ. ಅಂಗೈಗೆ ನೀರು ಬಗ್ಗಿಸಿಕೊಂಡರು.

ದಲಾಂಡಾ ನೀರನ್ನು ನೋಡುತ್ತಿರಲಿಲ್ಲ. ಸಾರಿಫುವಿನ ಮುಖ ನೋಡುತ್ತಿದ್ದಳು. ಅವನ ಹಣೆಯಲ್ಲಿ ಬೆವರು ಒಡೆಯಿತು. ತುಟಿ ತೆರೆಯಿತು. ಮುಚ್ಚಿಕೊಂಡಿತು. ಇಮಾಮರು ನೀರನ್ನು ಬಾಯಿಗೆ ಹಾಕಿಕೊಂಡರು. ಮುಕ್ಕಳಿಸಿದರು. ಉಗುಳಿದರು. ಮತ್ತೆ ಬಗ್ಗಿಸಿಕೊಂಡರು. ಸಾರಿಫು ನೆಲ ನೋಡುತ್ತ ನಿಂತ.

"ತಗೋ ಸಾರಿಫು," ಎಂದು ಇಮಾಮರು ಕೆಟಲ್ ಚಾಚಿದರು.

"ನಂದು ಆಗಿದೆ... ಮನೇಲೇ ಮಾಡ್ಕೊಂಡು ಬಂದೆ."

"ಈಗ ತಾನೆ ಪಾಯಿಖಾನೆಯಿಂದ ಬಂದ್ಯಲ್ಲೋ, ಮತ್ತೆ ವಜೂ ಮಾಡ್ಬೇಡ್ವಾ! ನಾನೇ ನೋಡ್ದೆ."

ಯಾರೋ ಕಿಸಕ್ಕೆಂದರು. ಸಾರಿಫು ಹಿಂದೆ ಸರಿದ. ಬೆನ್ನು ಮಣ್ಣಿನ ಗೋಡೆಗೆ ತಾಗಿತು.

"ಗೋಡೆ ಇದೆಯಲ್ಲ ಬಪ್ಪಾ," ಎಂದಳು ದಲಾಂಡಾ. "ಅಂಗೈ ಉಜ್ಜಿ. ನಿನ್ನೆ ಬಂಡೆಗೆ ಉಜ್ಜಿದ್ರಲ್ಲ, ಹಾಗೇ."

ಇಮಾಮರು ಕೆಟಲನ್ನು ಕೆಳಗಿಟ್ಟರು.

"ಹೆದರ್ಬೇಡಿ ತಾತ," ಎಂದಳು ಇಮಾಮರಿಗೆ. "ಅದು ನಮ್ಮ ಠಾಣೆ ಬಾವಿ ನೀರು. ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ. ವಿಷ ಇದ್ದಿದ್ದು ಮೊಸರಲ್ಲಿ ಅಲ್ಲ, ಮಡುವಲ್ಲಿ. ಚೆಲ್ಲಿದ ಬುತ್ತಿಯನ್ನ ಇರುವೆ ತಿಂದು ಆರಾಮಾಗಿವೆ. ನೀರಲ್ಲಿ ಮೀನು, ಏಡಿ, ಕಪ್ಪೆ ಎಲ್ಲ ಸತ್ತಿವೆ. ನಿನ್ನೆ ಆ ನೀರಲ್ಲಿ ವಿಷ ಇತ್ತು ಅಂತ ಗೊತ್ತಿದ್ದಿದ್ದು ನನಗೆ, ಜಾಲೋಗೆ, ಡೆಂಬಾಗೆ. ಇನ್ನೊಬ್ಬನಿಗೆ ಗೊತ್ತಿತ್ತು ಅಂದ್ರೆ ಅವನು ಸುರಿದವನೇ ಆಗಿರ್ಬೇಕು. ಔಷಧ ಸುರಿದು ಮೀನು ತೇಲಲಿ ಅಂತ ಕಾಯ್ತಾ ಕೂತಿದ್ರು ಇವರು. ಯೆರೋ ಒಂದು ದಿನ ಮುಂಚೆ ಬಂದ. ಕುಡಿದ. ಇವರು ನೋಡ್ತಾ ಇದ್ರು. ಆಮೇಲೆ ದೇವರ ಮುಂದೆ ನಿಲ್ಬೇಕಲ್ಲ, ನೀರು ಮುಟ್ಟೋ ಹಾಗಿಲ್ಲ, ಅದಕ್ಕೆ ಕಲ್ಲು."

ಇಮಾಮರು ಗಡ್ಡದ ನೀರನ್ನು ನಿಧಾನವಾಗಿ ಒರೆಸಿಕೊಂಡರು. "ನೀರಿಂದ ಕೆಡುಕಾಗುತ್ತೆ ಅಂತ ಗೊತ್ತಿದ್ರೆ ಕಲ್ಲು ಬಳಸಬಹುದು. ನಿಯಮ ಸರಿಯಾಗೇ ಪಾಲಿಸಿದ್ದಾನೆ. ಪಕ್ಕದವನಿಗೆ ಮಾತ್ರ ಹೇಳ್ಲಿಲ್ಲ." ಅವರು ಸಾರಿಫುವಿನ ಕಡೆ ತಿರುಗಿದರು. "ಈಗ ನನಗೂ ಹೇಳ್ಲಿಲ್ಲ."

ಜಾಲೋ ಏದುಸಿರು ಬಿಡುತ್ತ ಬಂದ. ಬುಟ್ಟಿಯಲ್ಲಿ ಔಷಧದ ಎರಡು ಖಾಲಿ ಡಬ್ಬ, ಒಂದು ಅರ್ಧ ತುಂಬಿದ್ದು. "ಮೀನಿಗೆ ಹೊಗೆ ಹಾಕೋ ಒಲೆ ಹಿಂದೆ, ಬೂದಿಯಡಿ ಹೂತಿದ್ರು ಮೇಡಂ."

ಸಾರಿಫು ಗೋಡೆಗೊರಗಿ ಕುಸಿದು ಕೂತ. "ಹೇಳೋಣ ಅಂತಿದ್ದೆ ದಲಾಂಡಾ. ಅಷ್ಟರಲ್ಲಿ ಕುಡಿದುಬಿಟ್ಟ. ಸ್ವಲ್ಪ ಕುಡಿದ್ರೆ ಏನಾಗಲ್ಲ ಅಂದ್ಕೊಂಡೆ. ಹೇಳಿದ್ರೆ ನನ್ನ ಮರ್ಯಾದೆ? ನಾನು ಸಮಿತಿ ಅಧ್ಯಕ್ಷ..."

"ಒಂದು ಮಾತು ಸಾಕಿತ್ತು," ಎಂದಳು. "'ಕುಡೀಬೇಡ' ಅಂತ ಒಂದೇ ಮಾತು. ಅದನ್ನ ಉಳಿಸ್ಕೊಂಡು 'ಮೊಸರು' ಅನ್ನೋ ಮಾತು ಹುಟ್ಟಿಸಿದ್ರಿ. ನಿಮ್ಮ ಮೀನು ನನ್ನ ಹೊಟ್ಟೇಲೂ ಇದೆ ಬಪ್ಪಾ. ಅದಕ್ಕಿಂತ ನಿಮ್ಮನ್ನ ನೋಡಿದ್ರೆ ಹೆಚ್ಚು ವಾಕರಿಕೆ ಬರುತ್ತೆ."

ಜೀಪು ಖಾಲಿ ಹೋಗಲಿಲ್ಲ.

\*

ಮರುದಿನ ಬೆಳಗ್ಗೆ ಹಸನಾತುವಿನ ಮನೆ ಮುಂದೆ ಮತ್ತೆ ಗುಂಪು. ಕಿತ್ತ ಬೇಲಿಯನ್ನು ಕಿತ್ತವರೇ ಕಟ್ಟುತ್ತಿದ್ದರು. ಒಬ್ಬೊಬ್ಬರದೂ ಒಂದೊಂದು ಬೆಣ್ಣೆ ಮಾತು. ನಾನು ಆವತ್ತೇ ಬೇಡ ಅಂದೆ. ನನಗೆ ಮೊದಲಿಂದಲೂ ಅನುಮಾನ. ದಲಾಂಡಾ ಯಾರ ಮುಖವನ್ನೂ ನೋಡದೆ ನಡುವೆ ನಡೆದುಹೋದಳು. ಸಾರಿಫುವಿನ ಮೇಲೆ ಬಂದಷ್ಟೇ ಹೇಸಿಗೆ ಇವರ ಮೇಲೂ ಇತ್ತು.

ನಿನ್ನೆ ಹಸನಾತುವನ್ನು ಬಿಟ್ಟು ಕಳಿಸುವಾಗಲೇ ಕಣಿವೆಯಿಂದ ತಂದ ಬುರುಡೆಯನ್ನು ಅವಳಿಗೆ ಹಿಂತಿರುಗಿಸಿದ್ದಳು. ಉಳಿದದ್ದು ಅದೊಂದೇ. ಹಸನಾತು ಅದನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಿದ್ದಳು. ಈಗ ಅದರ ತುಂಬ ಮೊಸರು ಹಿಡಿದು ಬಾಗಿಲಲ್ಲಿ ನಿಂತಳು. ಕೂಗಲಿಲ್ಲ, ಕರೆಯಲಿಲ್ಲ. ಸುಮ್ಮನೆ ನಿಂತಳು.

ಬೇಲಿ ಕಟ್ಟುವವರ ಕೈ ನಿಂತಿತು. ಒಬ್ಬರು ಇನ್ನೊಬ್ಬರನ್ನು ನೋಡಿದರು. ಎಲ್ಲ ಗೊತ್ತಾದ ಮೇಲೂ ಮೊದಲ ಹೆಜ್ಜೆ ಯಾರೂ ಇಡಲಿಲ್ಲ.

ದಲಾಂಡಾಗೆ ನಿನ್ನೆಯಿಂದ ಏನೂ ಸೇರುತ್ತಿರಲಿಲ್ಲ. ಬುರುಡೆ ಎತ್ತಿದಳು. ಹುಳಿ, ತಣ್ಣಗೆ, ದಪ್ಪ. ನಿಲ್ಲಿಸದೆ ಕುಡಿದಳು. ತಳದ ಗಟ್ಟಿಯನ್ನೂ ಬೆರಳಲ್ಲಿ ಬಳಿದು ನೆಕ್ಕಿದಳು.

"ನಾಳೇನೂ ಠಾಣೆಗೆ ತಂದ್ಕೊಡು," ಎಂದಳು. "ಜಾಲೋಗೂ ಸೇರಿಸಿ."

ಹಸನಾತುವಿನ ಕಣ್ಣು ಆಗ ಮೊದಲ ಸಲ ತುಂಬಿತು.

ಗುಂಪಿಗೆ ಈಗ ಧೈರ್ಯ ಬಂತು. ಬುರುಡೆಗಳನ್ನು ಎಲ್ಲರಿಗಿಂತ ಮೊದಲು ನೆಲಕ್ಕೆ ಕುಕ್ಕಿದ್ದವನೇ ಹಲ್ಲು ಕಿರಿಯುತ್ತ ಮುಂದೆ ಬಂದು ಎರಡೂ ಅಂಗೈ ಚಾಚಿದ. "ನಂಗೂ ಒಂದು ಗುಟುಕು, ತಂಗೀ."

ಹಸನಾತು ಕಣ್ಣೊರೆಸಿಕೊಂಡಳು. ಖಾಲಿ ಬುರುಡೆಯನ್ನು ಅವನ ಅಂಗೈಗಳ ಮೇಲೆ ಬೋರಲು ಹಿಡಿದಳು.

"ಮುಗೀತು," ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.